ಕೋವಿ ಅಲ್ವಾ?

ಇದು ನಡೆದದ್ದು ಮಂಗಳವಾರವೋ ಬುಧವಾರವೋ ಎಂದು ಆಣೆ ಮಾಡಿ ಹೇಳಲಾರೆ. ದಿನಚರಿಯಲ್ಲಿ ಮಂಗಳವಾರವೆಂದಿದೆ. ಆದರೆ ಅದನ್ನು ಬರೆದವಳು ನಾನೇ ಆದ್ದರಿಂದ ಅಷ್ಟಾಗಿ ನಂಬುವ ಹಾಗಿಲ್ಲ. ಇಪ್ಪತ್ತು ವರ್ಷ ದಿನಚರಿ ಬರೆದು ನಾನು ಕಂಡುಕೊಂಡದ್ದು ಇಷ್ಟೇ: ನನ್ನ ಮರ್ಯಾದೆ ಉಳಿದ ಪ್ರಸಂಗಗಳು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿರುತ್ತವೆ. ಇದು ಆ ಜಾತಿಯದಲ್ಲ. ಸಣ್ಣಪುಟ್ಟ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ತಮ್ಮ ಗಿರೀಶ ನ್ಯೂಜಿಲೆಂಡಿನಲ್ಲಿ ದನದ ಡಾಕ್ಟರು. ಹೆಂಡತಿ ದೇಚಮ್ಮ ಕೊಡಗಿನವಳು. ಮಗಳು ನೀಲುಗೆ ಹದಿಮೂರು. ಅವತ್ತು ನಾನು ಮೈಲಾಪೂರಿನ ಲಸ್ ಕಾರ್ನರಿನಲ್ಲಿ ಆಟೋದೊಳಗೆ ಸಿಕ್ಕಿಕೊಂಡಿದ್ದಾಗ ಗಿರೀಶನ ದನಿ ಸಂದೇಶ ಬಂತು. ಸುತ್ತ ಹಾರನ್ನುಗಳ ಕಚೇರಿ. ನಡುವೆ ಕೇಳಿಸಿದ್ದು ಹೀಗೆ: "ಅಕ್ಕ, ನೀಲುಗೆ ಇದು ಮೊದಲ್ನೇ ಕೋವಿ ಅಲ್ವಾ, ಯಾವ್ದು, ಏನು ಅಂತ ನೀನೇ ಹೇಳು. ನಂಗೂ ದೇಚಿಗೂ ಜಗಳ ಹತ್ಕೊಂಡಿದೆ. ಅತ್ತೆ ನೀನು ಹೇಳಿದ್ದೇ ಕೊನೆ ಅಂತ ಮೂರು ಜನಾನೂ ಒಪ್ಪಿದೀವಿ."

ನಮ್ಮ ಮನೆಯ ಕನ್ನಡ ಮೈಸೂರಿನಲ್ಲಿ ರೈಲು ಹತ್ತಿ ಮೈಲಾಪೂರಿನಲ್ಲಿ ಇಳಿದು ಮೂರು ತಲೆಮಾರಾಯಿತು. ನಾವು ದೇವಸ್ಥಾನಕ್ಕೆ ಹೋಗುವುದೇ ಇಲ್ಲ, ತಮಿಳರ ಹಾಗೆ ಕೋವಿಲ್‌ಗೆ ಹೋಗುತ್ತೇವೆ. ಹಾಗಾಗಿ "ಕೋವಿ ಅಲ್ವಾ" ಎಂಬುದು ನನ್ನ ಕಿವಿಯಲ್ಲಿ ತಾನೇ ಅಂಟಿಕೊಂಡು "ಕೋವಿಲ್ವಾ" ಆಯಿತು. ಆ ದೂರದ ದೇಶದಲ್ಲಿ ಬೆಳೆದ ಹುಡುಗಿಗೆ ಕೊನೆಗೂ ಒಂದು ದೇವಸ್ಥಾನ ತೋರಿಸುತ್ತಿದ್ದಾರಲ್ಲ ಎಂದು ಕಣ್ಣು ತುಂಬಿ ಬಂತು. ಆಟೋದಲ್ಲೇ ಉತ್ತರಿಸಿದೆ. ಆ ಉತ್ತರ ಮಾತ್ರ ನನ್ನ ಫೋನಿನಲ್ಲೇ ಇರುವುದರಿಂದ ನೆನಪಿನ ಹಂಗಿಲ್ಲ:

"ಮೊದಲ ಸಲಕ್ಕೇ ದೊಡ್ಡದು ಬೇಡ ಕಣೋ, ಹೆದರಿಬಿಡ್ತಾಳೆ. ಚಿಕ್ಕದು ಸಾಕು. ಸದ್ದು ಜಾಸ್ತಿ ಇರಬಾರ್ದು, ನೂಕು ಜಾಸ್ತಿ ಇರಬಾರ್ದು. ಮೊದಲು ಖಾಲಿ ಇರೋವಾಗ ನಾಲ್ಕು ಸಲ ಅಭ್ಯಾಸ ಮಾಡ್ಸು. ಬೆಳಗಿನ ಜಾವ ಆದ್ರೆ ಒಳ್ಳೇದು. ಅಲ್ಲಾಡದೆ ನಿಂತು ಕಣ್ಣು ಒಂದೇ ಕಡೆ ಇಡೋದು ಕಲೀಲಿ. ಮಿಕ್ಕಿದ್ದು ದೇವರಿಚ್ಛೆ."

ಮೂರೋ ನಾಲ್ಕೋ ದಿನವಾದ ಮೇಲೆ ನೀಲುವಿನ ವಿಡಿಯೋ ಕರೆ. ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಅವಳ ಕೈಯಲ್ಲಿ ಏನೋ ಉದ್ದನೆಯ ವಸ್ತು. ಹೊಸ ಕೊಡೆ ಎಂದುಕೊಂಡೆ.

"ಅತ್ತೇ, ನೋಡಿ, ನನ್ನ ಕೋವಿ! ಕಾನೂನಿಗೆ ಅಮ್ಮಂದು, ಆದ್ರೆ ನಂದೇ. ನೀವು ಹೇಳಿದ ಹಾಗೇ. ಶಾರ್ಟ್, ಲೈಟು, ಕಿಕ್ ಕಮ್ಮಿ. ಮುಂದಿನ ಶನಿವಾರ ಜಿಂಕೆ ಬೇಟೆಗೆ ಹೋಗ್ತೀವಿ."

ಸಾಸಿವೆ ಸಿಡಿಯಿತು. ನಾನು, ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಅಡುಗೆಮನೆಯಲ್ಲಿ, ಬಾಯಿ ತೆರೆದುಕೊಂಡು ನಿಂತೆ.

"ಜಿಂಕೇನಾ?" ಎಂದೆ.

"ಅಂಗಡಿಯವ್ನು ಹೇಳ್ದ, ನಿಮ್ಮ ಆಂಟಿಗೆ ಎಲ್ಲಾ ಗೊತ್ತು, ದೊಡ್ಡ ಕೋವಿ ಕೊಟ್ರೆ ಮಕ್ಕಳು ಸದ್ದಿಗೆ ಹೆದರಿ ಗುರಿ ತಪ್ಪಿಸ್ತಾರೆ ಅಂತ. ಇಲ್ಲಿ ಜಿಂಕೆ ಜಾಸ್ತಿಯಾಗಿ ಕಾಡನ್ನೇ ತಿಂದುಹಾಕ್ತಿವೆ ಅತ್ತೆ. ಹೊಡೆದದ್ದನ್ನ ನಾವೇ ತಿಂತೀವಿ, ವೇಸ್ಟ್ ಮಾಡಲ್ಲ."

ಹೆಣ್ಣುಮಗುವಿನ ಮುಖ ಹಬ್ಬದಂತೆ ಬೆಳಗುತ್ತಿತ್ತು. ಐದು ವರ್ಷದವಳಿದ್ದಾಗ ರಜೆಗೆ ಬಂದು ಇವಳೇ ಗಿಂಡಿಯ ಜಿಂಕೆವನದಲ್ಲಿ ಜಿಂಕೆಗೆ ಬಾಳೆಹಣ್ಣಿನ ಸಿಪ್ಪೆ ತಿನ್ನಿಸಿದವಳು. ಜಿಂಕೆಗಳೊಂದಿಗೆ ನನ್ನ ಸಂಬಂಧವೂ ಅಷ್ಟೇನೂ ಪವಿತ್ರವಲ್ಲ ಎನ್ನಿ. ಕಾಲೇಜಿನಲ್ಲಿದ್ದಾಗ ಅದೇ ಗಿಂಡಿಯಲ್ಲಿ ಒಂದು ಜಿಂಕೆ ಪರೀಕ್ಷೆಯ ಹಿಂದಿನ ದಿನ ನನ್ನ ನೋಟ್ಸಿನ ಎರಡು ಹಾಳೆ ಮೇಯ್ದಿತ್ತು. ಅವತ್ತು ಯಾರಾದರೂ ಕೋವಿ ಕೊಟ್ಟಿದ್ದರೆ ಏನಾಗುತ್ತಿತ್ತೋ.

ಕರೆ ಮುಗಿದೊಡನೆ ಗಿರೀಶನಿಗೆ ಫೋನು ಮಾಡಿ ಕೂಗಾಡಿದೆ.

"ನಾನು ದೇವಸ್ಥಾನ ಅಂದ್ಕೊಂಡೆ ಕಣೋ!"

"ಅಯ್ಯೋ ಅಕ್ಕ! ನೀನು ರಾಮಾ ಕೃಷ್ಣಾ ಅಂತ ಕಿರುಚಿ ಬೇಡ ಅಂತೀಯ ಅಂತ ನಂಬ್ಕೊಂಡೇ ನಿನ್ನ ಕೇಳಿದ್ದು. ನೋಡಿದ್ರೆ ನೀನು ಖಾಲಿ ಕೋವೀಲಿ ಅಭ್ಯಾಸ ಮಾಡ್ಸು ಅಂತೀಯ. ದೇಚಿ ನಿನ್ನ ಕಾಲಿಗೆ ಬೀಳೋದೊಂದು ಬಾಕಿ."

"ಬೇಡ ಅಂತ ನಿನ್ನ ಬಾಯಲ್ಲೇ ಹೇಳೋಕೆ ಏನಾಗಿತ್ತು?"

"ನಾನು ಬೇಡ ಅಂದ್ರೆ ನೀಲು ತಿಂಗಳುಗಟ್ಟಲೆ ಮಾತು ಬಿಡ್ತಾಳೆ. ನೀನು ದೂರದಲ್ಲಿದೀಯ, ತಡ್ಕೋತೀಯ. ಈಗ್ಲೂ ಕಾಲ ಮಿಂಚಿಲ್ಲ. ನೀನೊಂದು ಮಾತು ಹೇಳಿದ್ರೆ ಹೋಗಲ್ಲ ಅವಳು."

ಹೇಡಿ ಎಂದು ಬೈದು ಫೋನು ಇಟ್ಟೆ. ಸತ್ಯ ಹೇಳಿಬಿಡೋಣವೆಂದು ನೀಲುವಿಗೆ ಬರೆಯಲು ಕೂತೆ. ಅಷ್ಟರಲ್ಲಿ ಅವಳದೇ ಸಂದೇಶ: "ಥ್ಯಾಂಕ್ಯೂ ಅತ್ತೆ. ನನ್ನನ್ನ ದೊಡ್ಡವಳು ಅಂತ ನೋಡಿದ್ದು ನೀವೊಬ್ರೇ."

ಆಮೇಲೆ ಎಷ್ಟು ಸಲ ಬರೆದು ಅಳಿಸಿದೆನೋ ಲೆಕ್ಕವಿಲ್ಲ. 'ಬೇಡ' ಎಂಬುದು ಎರಡೇ ಅಕ್ಷರ. ಕನ್ನಡದಲ್ಲಿ ಬೇಟೆಗಾರನಿಗೂ ಅದೇ ಹೆಸರು, ಹೇಳಿದರೂ ಹುಡುಗಿಗೆ ಯಾವುದು ಕೇಳಿಸುತ್ತಿತ್ತೋ ಎಂದು ಸಮಾಧಾನ ಮಾಡಿಕೊಂಡೆ. ಶುಕ್ರವಾರ ಸಂಜೆಯವರೆಗೂ ಒದ್ದಾಡಿ, ತಮ್ಮನಿಗೆ ಬೈದ ಬೈಗುಳವೆಲ್ಲ ನನಗೇ ಸಲ್ಲಬೇಕಾದದ್ದೆಂದು ಒಪ್ಪಿಕೊಂಡು, ಕೊನೆಗೊಂದು ಸಾಲು ಕಳಿಸಿದೆ. ಅವರು ಆಗಲೇ ಬೆಟ್ಟ ಹತ್ತಿದ್ದರೆಂದು ಕಾಣುತ್ತದೆ. ಅದರ ಪಕ್ಕ ಇನ್ನೂ ಒಂದೇ ಟಿಕ್ಕು ಇದೆ, ಅಂದರೆ ತಲುಪಿಲ್ಲ. ಆ ಸಾಲು ಇಷ್ಟೇ:

"ಹೊಡೆದಾಗ ಭುಜ ನೋಯಲ್ವೇನೇ, ಕಂದ?"