ಮಾವ ಮತ್ತು ಬಿಟ್ಟುಹೋದ ನಂಬರು

ನಮ್ಮ ಸೋದರಮಾವನಿಗೆ ಹಾವು, ಚೇಳು, ನಮ್ಮತ್ತೆ, ಯಾವುದರ ಭಯವೂ ಇರಲಿಲ್ಲ. ಹೆದರುತ್ತಿದ್ದದ್ದು ನಡುವೆ ಬಿಟ್ಟುಹೋದ ನಂಬರಿಗೆ ಮಾತ್ರ! ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ಯಾರೋ ಎರಡು ಹಾಳೆ ಒಟ್ಟಿಗೆ ಹರಿದಿದ್ದರು. ಅತ್ತೆ ಕಸದ ಬುಟ್ಟಿಯಿಂದ ಮಂಗಳವಾರವನ್ನು ಹುಡುಕಿ ತಂದ ಮೇಲೆಯೇ ಅವತ್ತು ಮನೆಯವರಿಗೆಲ್ಲ ಕಾಫಿ.

ಇಂಥವರನ್ನು ಶಿಕಾರಿಪುರದ ಡಾಕ್ಟರೊಬ್ಬರು ತಮ್ಮ ನರ್ಸಿಂಗ್ ಹೋಮಿಗೆ ಮ್ಯಾನೇಜರ್ ಮಾಡಿಕೊಂಡರು. ತೊಂಬತ್ತರ ದಶಕದ ಕೊನೆ. ಸೊರಬದಲ್ಲೂ ಅವರದೊಂದು ಶಾಖೆ. ಎರಡೂ ಕಡೆ ಕಂಪ್ಯೂಟರ್ ಕೂರಿಸಿದವನು ನಾನು. ಸೊರಬದಲ್ಲಿ ರೋಗಿಯ ಹೆಸರು ಹೊಡೆಯಲು ಶುರು ಮಾಡಿದರೆ ಕಂಪ್ಯೂಟರೇ ನಂಬರ್ ಕೊಡುತ್ತಿತ್ತು. ಸಂಜೆ ಫೋನ್ ಲೈನಿನಲ್ಲಿ ಆ ಪಟ್ಟಿಯ ನಕಲು ಶಿಕಾರಿಪುರಕ್ಕೆ ಬರುತ್ತಿತ್ತು.

ಒಂದು ಬೆಳಿಗ್ಗೆ ಆ ಪಟ್ಟಿ ನೋಡುತ್ತಾ ಮಾವ ಕಿರುಚಿದರು. "ನಾನೂರ ಹನ್ನೆರಡು ಎಲ್ಲೋ? ಹನ್ನೊಂದಾದ್ಮೇಲೆ ಹದಿಮೂರು ಐತಿ!"

"ನಡುವೆ ಕರೆಂಟ್ ಹೋಗಿರ್ತದೆ ಮಾವ. ಕಂಪ್ಯೂಟರು ಒಮ್ಮೆ ಕೊಟ್ಟ ನಂಬರನ್ನ ವಾಪಸ್ ತಗಳಲ್ಲ."

"ಹಂಗಾರೆ ಆ ಮನುಷ್ಯ ಎಲ್ಲಿ ಹೋದ?"

"ಅವನಿಗೇ ಹದಿಮೂರು ಸಿಕ್ಕಿರ್ತದೆ!"

ಮಾವನ ಗಂಟಲು ಸಾಮಾನ್ಯವೇ? ಡಾಕ್ಟರು ಒಳಗಿನಿಂದ ಎದ್ದು ಬಂದರು. ಸೊರಬದಲ್ಲಿ ಹೆಸರು ಹೊಡೆಯುವ ಹೊಸ ಹುಡುಗಿ ಯಾರೋ ರೋಗಿಯನ್ನು ಸಾಗಹಾಕಿ ಹೆಸರು ಅಳಿಸಿದ್ದಾಳೆಂದು ತೀರ್ಮಾನಿಸಿಯೇಬಿಟ್ಟರು. ಹುಡುಗಿಯ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಎಂಬುದು ಮಾವನಿಗೆ ಗೊತ್ತಿತ್ತು. ಮೂವರೂ ಡಾಕ್ಟರ ಕಾರಿನಲ್ಲಿ ಸೊರಬಕ್ಕೆ ಹೊರಟೆವು. ದಾರಿಯುದ್ದಕ್ಕೂ ಮಾವ ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ನೋಡಿದೆ, ನೋಡಿ ಹೆದರಿದೆ.

"ನಾ ಯಾರನ್ನೂ ಕಳ್ಸಿಲ್ಲ ಸಾರ್. ಹೆಸ್ರು ಹೊಡೀತಿರುವಾಗ ಕರೆಂಟ್ ಹೋಯ್ತು." ಹುಡುಗಿ ಕುರ್ಚಿಯಿಂದ ಎದ್ದು ನಿಂತಳು.

"ಕಥೆ ಕಟ್ಟಬೇಡ. ನಾಳೆಯಿಂದ ಬರಬೇಡ" ಎಂದರು ಡಾಕ್ಟರು.

ಮಾವ ರೋಗಿಯ ಕುರ್ಚಿಯಲ್ಲಿ ದೊಪ್ಪೆಂದು ಕುಳಿತರು. "ಡಾಕ್ಟ್ರೇ, ನಂಗೆ ಹೊಟ್ಟೆನೋವು. ಬರ್ಕೊಳವ್ವ ನನ್ನ ಹೆಸ್ರು."

ಅವಳು ಹೊಡೆಯತೊಡಗಿದಳು. ಪರದೆಯ ಮೇಲೆ ನಂಬರ್ ಬಂತು: ನಾನೂರ ಮೂವತ್ತು. ಮಾವ ಬಗ್ಗಿದವರೇ ಪ್ಲಗ್ಗನ್ನು ಕಿತ್ತೇಬಿಟ್ಟರು! ಕಂಪ್ಯೂಟರ್ ಇನ್ನು ಮೇಲೇಳದಿದ್ದರೆ ನನ್ನ ಗತಿ? ಮಾವ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದರು; ಅದು ಗೊರಗುಟ್ಟುತ್ತಾ ಏಳುವವರೆಗೆ ನಾಲ್ವರೂ ಪರದೆಗೆ ಮುಖವಿಟ್ಟು ನಿಂತೆವು. ಹುಡುಗಿ ಮತ್ತೆ ಅದೇ ಹೆಸರು ಹೊಡೆದಳು. ಈ ಸಲ ನಾನೂರ ಮೂವತ್ತೊಂದು. ಮೂವತ್ತು ಎಲ್ಲೂ ಇಲ್ಲ.

ಡಾಕ್ಟರು ಕಾರಿನ ಕೀ ಕೈಗೆತ್ತಿಕೊಂಡರು. "ನಾಳೆ ಹೊತ್ತಿಗೆ ಸರಿಯಾಗಿ ಬಾಮ್ಮ" ಎಂದು ಹೊರಗೆ ನಡೆದರು.

ಹುಡುಗಿಗೆ ಅಳು ಒತ್ತರಿಸಿ ಬಂತು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಮಾವ, ಈಗ ಇನ್ನೊಂದು ನಂಬರ್ ಬಿಟ್ಟುಹೋಯ್ತಲ್ಲ! ರಾತ್ರಿ ನಿದ್ದೆ ಬರ್ತದಾ?" ಎಂದೆ.

ಮಾವ ಅವಳ ತಲೆಯ ಮೇಲೆ ಕೈಯಿಟ್ಟರು. "ಅಳಬ್ಯಾಡವ್ವ. ಮೂವತ್ತು ಎಲ್ಲಿ ಅಂತ ಯಾರಾರ ಕೇಳಿದ್ರೆ, ಆ ನಂಬರ್ನಾಗೆ ಇರೋನು ನಮ್ಮಪ್ಪ ಅಂತ ನನ್ನ ತೋರ್ಸು."