ನಲವತ್ತೆಂಟು ಕೆಜಿಯ ಲೆಕ್ಕ

ನಮ್ಮ ಸೋದರಮಾವನಷ್ಟು ಇಲಿಗಳನ್ನು ಗೌರವಿಸುವವರು ಇಡೀ ತುಮಕೂರಿನಲ್ಲಿ ಇನ್ನೊಬ್ಬರಿಲ್ಲ. ಬೇಕಾದರೆ ಪಂದ್ಯ! ನಾವು ನೀವು ಇಲಿ ಕಂಡರೆ ಪೊರಕೆ ಹುಡುಕುತ್ತೇವೆ. ಮಾವ ಅದರ ತೂಕ ಎಷ್ಟಿರಬಹುದೆಂದು ಯೋಚಿಸುತ್ತಾ ನಿಲ್ಲುತ್ತಾರೆ.

ಇದಕ್ಕೆಲ್ಲ ಕಾರಣ ಪೇಪರಿನ ಒಂದು ತುಣುಕು. ಕೆಮಿಕಲ್ ಕೊಟ್ಟು ಕ್ಯಾನ್ಸರ್ ಬರಿಸಿದ ಇಲಿಗಳಲ್ಲಿ, ನಾವು ಮೈಕೈ ನೋವಿಗೆ ನುಂಗುವ ಮಾಮೂಲಿ ಮಾತ್ರೆ ತಿಂದವಕ್ಕೆ ಗಡ್ಡೆ ಕಡಿಮೆಯಂತೆ. ಮನುಷ್ಯರಿಗೂ ಇದು ನೆರವಾಗಬಹುದು ಎಂದು ಬರೆದಿತ್ತು. ಆ ‘ಬಹುದು’ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾವ ಬಾಯಿಪಾಠ ಮಾಡಿದರು, ಲ್ಯಾಮಿನೇಷನ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡರು. ಅವರು ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಬ್ಬಿಣದ ಬೀರುಗಳಿಗೆ ಸ್ಪ್ರೇ ಪೇಂಟ್ ಹೊಡೆಯುತ್ತಿರುವವರು. ಸಂಜೆ ಬಟವಾಡಿಯಲ್ಲಿ ಬಸ್ ಇಳಿದರೆ ಥಿನ್ನರ್ ವಾಸನೆ ಮೊದಲು ಮನೆ ಸೇರುತ್ತದೆ, ಮಾವ ಆಮೇಲೆ. ತಮ್ಮ ಜೀವದ ಮೇಲೆ ಅವರಿಗೆ ಆಸೆ ಹುಟ್ಟಿದ್ದರಲ್ಲಿ ತಪ್ಪೇನಿದೆ ಎಂದುಕೊಂಡೆ.

ಅತ್ತೆಗೆ ಈ ಕ್ರಾಂತಿಯ ಸುದ್ದಿಯೇ ಇರಲಿಲ್ಲ. ಅವರ ತಾಪತ್ರಯಗಳು ಎರಡೇ: ಗ್ಯಾಸ್ಟ್ರಿಕ್ಕು ಮತ್ತು ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮೆಷಿನ್ನು. ಹೆಬ್ಬೆಟ್ಟಿನ ಗೆರೆ ಸವೆದುಹೋಗಿ, ಎಷ್ಟು ಸಲ ಒತ್ತಿದರೂ ಅದು ಅತ್ತೆಯನ್ನು ಗುರುತಿಸುತ್ತಿರಲಿಲ್ಲ.

“ಸರ್ಕಾರದ ಪ್ರಕಾರ ನಿಮ್ಮತ್ತೆ ಇನ್ನೂ ಹುಟ್ಟೇ ಇಲ್ಲ ಕಣೋ,” ಎಂದು ಮಾವ ನಗುತ್ತಿದ್ದರು.

ಪೇಪರಿನವರು ಇಲಿಗೆ ಕೊಟ್ಟ ಮಾತ್ರೆಯ ಅಳತೆ ಬರೆದಿದ್ದರು, ಇಲಿಯ ತೂಕ ಬರೆದಿರಲಿಲ್ಲ. ಎಂಥ ಬೇಜವಾಬ್ದಾರಿ! ಆ ಭಾನುವಾರ ಮಾವ ನನ್ನನ್ನು ಕಟ್ಟಿಕೊಂಡು ಗುಬ್ಬಿ ಹತ್ತಿರವಿರುವ ಅತ್ತೆಯ ತವರಿಗೆ ಹೊರಟರು. ಬಾಗಿಲಲ್ಲೇ ಇಲಿ ಬೇಕೆಂದರು.

“ಅಳಿಯಂದ್ರು ಬಂದ್ರೆ ಕೋಳಿ ಕೇಳ್ತಾರೆ. ನೀವು ಇಲಿ ಕೇಳ್ತಿದೀರಲ್ಲ!” ಎಂದರು ಅತ್ತೆಯ ತಂದೆ.

ಕೊಬ್ಬರಿ ಅಟ್ಟದ ಬೋನಿಗೆ ಒಂದು ಬಿತ್ತು. ಮಾವ ಅದನ್ನು ಬೋನಿನ ಸಮೇತ ಊರಿನ ದಿನಸಿ ಅಂಗಡಿಯ ತಕ್ಕಡಿಗೆ ಏರಿಸಿದರು.

“ಬೋನಿನ ತೂಕ ಕಳೀಬೇಕಾ ಸಾ?” ಎಂದರು ಅಂಗಡಿಯವರು, ಬೆಲ್ಲ ತೂಗುವಷ್ಟೇ ಗಂಭೀರವಾಗಿ.

ಬೋನಿನೊಳಗಿದ್ದ ಕೊಬ್ಬರಿ ಚೂರು ಇಲಿಯ ಹೊಟ್ಟೆ ಸೇರುವ ಮುಂಚೆ ಒಮ್ಮೆ, ಸೇರಿದ ಮೇಲೆ ಒಮ್ಮೆ ತೂಗಿದ್ದಾಯಿತು. ಎರಡೂ ಸಲ ಒಂದೇ ತೂಕ ಬಂತು. ತಕ್ಕಡಿ ಕೆಟ್ಟಿದೆ ಎಂದು ಮಾವ ತೀರ್ಪು ಕೊಟ್ಟರು. ಆಮೇಲೆ ಸಹಕರಿಸಿದ ಇಲಿಯನ್ನು ತೋಟದ ಬೇಲಿಯವರೆಗೆ ಬೀಳ್ಕೊಟ್ಟು ಬಂದರು.

ವಾಪಸ್ ಬರುವಾಗ ಬಸ್ ಟಿಕೆಟ್ಟಿನ ಹಿಂದೆ, ಇಲಿಯ ತೂಕಕ್ಕೆ ಇಷ್ಟು ಮಾತ್ರೆಯಾದರೆ ಮನುಷ್ಯರ ತೂಕಕ್ಕೆ ಎಷ್ಟು ಎಂಬ ಲೆಕ್ಕ ಶುರುವಾಯಿತು. ಇಣುಕಿ ನೋಡಿದೆ. ಒಂದು ಕಡೆ ಇಲಿಯ ತೂಕ, ಇನ್ನೊಂದು ಕಡೆ ‘ನಲವತ್ತೆಂಟು ಕೆಜಿ’.

“ಮಾವ, ನಲವತ್ತೆಂಟು ನಿಮ್ಮ ಹೊಟ್ಟೆ ಒಂದರದ್ದೇ ಆಯ್ತು. ಮಿಕ್ಕಿದ್ದು?”

“ಸುಮ್ಕೆ ಕೂತ್ಕಳ್ಲಾ.”

ಬಿಡುತ್ತೇನೆಯೇ? ಕುಣಿಗಲ್ಲಿನ ಚಿಕ್ಕಮ್ಮನವರೆಗೆ ಎಲ್ಲರಿಗೂ ಫೋನ್ ಮಾಡಿ ನಗಿಸಿದೆ.

ಮಾರನೆಯ ದಿನ ಲೆಕ್ಕ ಸರಿಯೇ ಎಂದು ಕೇಳಲು ಮಾವ ಬಟವಾಡಿಯ ಕ್ಲಿನಿಕ್ಕಿಗೆ ಹೊರಟಾಗಲೂ ಜೊತೆಗೆ ಹೋದೆ. ಇಂಥ ತಮಾಷೆ ತಪ್ಪಿಸಿಕೊಳ್ಳುವುದುಂಟೇ? ಡಾಕ್ಟರಮ್ಮ ಲ್ಯಾಮಿನೇಷನ್ನನ್ನೂ ಟಿಕೆಟ್ಟನ್ನೂ ತಾಳ್ಮೆಯಿಂದ ಓದಿದರು. ಮಾವನನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸಿದರು. ಮುಳ್ಳು ಎಂಬತ್ತೆರಡಕ್ಕೆ ಹೋಗಿ ನಿಂತಿತು. ನಾನು ಕಿಸಕ್ಕನೆ ನಕ್ಕೆ.

“ನಲವತ್ತೆಂಟು ಅಂತ ಬರೆದಿದೀರಲ್ಲ?” ಎಂದರು ಡಾಕ್ಟರಮ್ಮ.

“ಅದು ನಂದಲ್ಲ ಮೇಡಂ. ನಮ್ಮನೆಯವಳ್ದು.”

ನನ್ನ ನಗು ಅಲ್ಲೇ ನಿಂತಿತು.

“ನಾನು ಮಾಸ್ಕ್ ಹಾಕ್ಕಂಡು ಪೇಂಟ್ ಹೊಡೀತೀನಿ. ಆ ಬಟ್ಟೇನ ಬರಿಗೈಲಿ ಒಗ್ಯೋಳು ಅವ್ಳು. ಕಲೆ ಹೋಗ್ಲಿ ಅಂತ ಬಾಟ್ಲಿ ತುಂಬ ಥಿನ್ನರ್ ತಂದ್ಕೊಟ್ಟೋನೂ ನಾನೇ. ಇಪ್ಪತ್ತೆರಡು ವರ್ಷ ಅದರಲ್ಲೇ ಉಜ್ಜವ್ಳೆ. ಹೇಳಿದ್ರೆ ಹೆದರ್ಕಂತಾಳೆ. ಅದ್ಕೇ ಮುದ್ದೆ ಒಳಗಿಟ್ಟು ನುಂಗ್ಸಾನ ಅಂತ...”

ಡಾಕ್ಟರಮ್ಮ ಚೆನ್ನಾಗಿ ಬೈದರು. ಇಲಿಗೆ ಆದದ್ದೆಲ್ಲ ಮನುಷ್ಯರಿಗೆ ಆಗುತ್ತದೆಂದು ಇನ್ನೂ ಯಾರೂ ಹೇಳಿಲ್ಲ, ಗ್ಯಾಸ್ಟ್ರಿಕ್ ಇರುವವರಿಗೆ ಆ ಮಾತ್ರೆ ದಿನಾ ಕೊಟ್ಟರೆ ಹೊಟ್ಟೆಯಲ್ಲಿ ರಕ್ತ ಬಂದೀತು ಎಂದರು. “ಅವರನ್ನ ಕರ್ಕೊಂಡು ಬನ್ನಿ, ನೋಡೋಣ. ಮೊದಲು ಆ ಬಾಟ್ಲಿ ಮನೆಯಿಂದ ಆಚೆ ಹಾಕಿ.”

ಫೋನ್ ಮಾಡಿ ಎಲ್ಲರನ್ನೂ ನಗಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅತ್ತೆಗೆ ತಪಾಸಣೆಗಳಾದವು. ಸದ್ಯಕ್ಕೆ ಏನೂ ಕಾಣಲಿಲ್ಲ. ಅಂದಿನಿಂದ ಒಗೆಯುವ ಕಲ್ಲಿನ ಮುಂದೆ ಮಾವನೇ ಗ್ಲೌಸ್ ತೊಟ್ಟು ಕೂರುತ್ತಾರೆ. ಅತ್ತೆ ಮೆಟ್ಟಿಲ ಮೇಲೆ ಕೂತು “ಕಾಲರ್ ಬುಟ್ರಿ, ಉಜ್ಜಿ” ಎಂದು ಮೇಲ್ವಿಚಾರಣೆ ಮಾಡುತ್ತಾರೆ. ಕಲೆ ಒಂದೂ ಹೋಗುವುದಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ರೇಷನ್ ಅಂಗಡಿಯಿಂದ ಮಾವನ ಫೋನ್ ಬಂತು.

“ಬಿತ್ತು ಕಣ್ಲಾ! ನಿಮ್ಮತ್ತೆ ಹೆಬ್ಬೆಟ್ಟು ಒಂದೇ ಸಲಕ್ಕೆ ಬಿತ್ತು! ಗೆರೆ ವಾಪಸ್ ಬಂದೈತೆ ಕಣ್ಲಾ, ಗೆರೆ!”

 ಇಲಿಯನ್ನು ತೂಗಿದ ಆ ಮನುಷ್ಯ ಅಳುತ್ತಿದ್ದರು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು:

“ಜನ ನೋಡ್ತಾವ್ರೆ. ಮೊದ್ಲು ಅಕ್ಕಿ ಚೀಲ ಹಿಡ್ಕಳ್ರೀ.”