ಒಂಬತ್ತು ಬೀರು

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಮಂಗಳವಾರ, ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಪರೀಕ್ಷೆಗೆ ಹೆದರಿ ಓಡಿದ ಅಂತ ಊರವರು ಹೇಳಿದರು. ಹಾಗೇನಲ್ಲ. ಶಾಲೆಯ ಮುಂದೆ ಬಸ್ಸು ನಿಂತಿತ್ತು, ಹತ್ತಿದೆ ಅಷ್ಟೆ. ಆಮೇಲೆ ಹೋಟೆಲು, ಲಾರಿ, ಶಾಮಿಯಾನ, ಕೊನೆಗೆ ಶಿವಮೊಗ್ಗದಲ್ಲೊಂದು ಸೈಬರ್ ಸೆಂಟರು. ಅಲ್ಲಿ ಕಸ ಗುಡಿಸಲು ಸೇರಿದವನು ಗುಡಿಸುತ್ತಲೇ ಕಂಪ್ಯೂಟರ್ ಕಲಿತೆ. ಎಲ್ಲಿಯೂ ಎರಡು ವರ್ಷ ನಿಂತವನಲ್ಲ. ನಿಂತಲ್ಲೆಲ್ಲ ನಗೆಪಾಟಲಾಗುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಬಂದಿದೆ. ಆದರೆ ಎರಡು ಸಾವಿರದ ಎಂಟರ ಸುಮಾರಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸುತ್ತಿದ ಆ ಏಳು ತಿಂಗಳನ್ನು ನೆನೆದರೆ, ನಗು ಬರುವ ಮೊದಲು ಕಿವಿ ಬಿಸಿಯಾಗುತ್ತದೆ.

ಕೆಲಸ ಇಷ್ಟು. ಸರ್ಕಾರಿ ಶಾಲೆಗೆ ಬೇಕಾದ ಸೀಮೆಸುಣ್ಣ, ಬೆಂಚು, ಬೀರು ಎಲ್ಲವನ್ನೂ ಹೆಡ್‌ಮಾಸ್ಟರುಗಳು ಕಾಗದದಲ್ಲಿ ಬರೆದು ಕೇಳುತ್ತಿದ್ದರು. ಇನ್ನು ಮೇಲೆ ಆನ್‌ಲೈನಿನಲ್ಲಿ ಕೇಳಬೇಕು. ಅದನ್ನು ಕಲಿಸಿಕೊಡುವ ಗುತ್ತಿಗೆ ಹಿಡಿದ ಕಂಪನಿಯೊಂದು ನನ್ನನ್ನು ಸೇರಿಸಿಕೊಂಡಿತು. ಎಷ್ಟು ಓದಿದ್ದೀಯ ಅಂದರು. ಪಿಯುಸಿ ಅಂದೆ. ಅವರು ಸರ್ಟಿಫಿಕೇಟು ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಕರಿಹಲಗೆಯ ಕಂಪ್ಯೂಟರ್

ಮೊದಲ ತರಬೇತಿ ಕೊಪ್ಪದಲ್ಲಿ. ನಲವತ್ತು ಜನ ಹೆಡ್‌ಮಾಸ್ಟರುಗಳು, ಎರಡು ಕಂಪ್ಯೂಟರು. ಹತ್ತೂವರೆಗೆ ಕರೆಂಟು ಹೋಯಿತು, ಸಂಜೆವರೆಗೂ ಬರಲಿಲ್ಲ. ಸುಮ್ಮನೆ ಕೂರಿಸುವುದು ಹೇಗೆ ಅಂತ ಕರಿಹಲಗೆಯ ಮೇಲೆ ಕಂಪ್ಯೂಟರಿನ ಪರದೆಯನ್ನೇ ಬರೆದೆ. ಇಲ್ಲಿ ಶಾಲೆಯ ಹೆಸರು, ಇಲ್ಲಿ ಸಾಮಾನು, ಇಲ್ಲಿ ಎಷ್ಟು ಬೇಕು, ಮೌಸಿನ ಬಾಣದ ಗುರುತು ಇಲ್ಲಿ. ನಲವತ್ತೂ ಜನ ಮಾರ್ಜಿನ್ ಬಿಟ್ಟು, ಸ್ಕೇಲ್ ಇಟ್ಟು ಬರೆದುಕೊಂಡರು. ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಉಬ್ಬಿಹೋದೆ.

ಹದಿನೈದು ದಿನ ಬಿಟ್ಟು ಅವರಲ್ಲೊಬ್ಬರು, ನರಸಿಂಹರಾಜಪುರ ಕಡೆಯ ಮೇಷ್ಟ್ರು, ಅದೇ ನೋಟ್‌ಬುಕ್ಕು ಹಿಡಿದು ಬಂದರು. ನಿಜವಾದ ಕಂಪ್ಯೂಟರಿನ ಮುಂದೆ ಕೂತರು. ಪುಸ್ತಕ ನೋಡಿದರು, ಪರದೆ ನೋಡಿದರು, ಹತ್ತು ನಿಮಿಷವಾದರೂ ಕೈ ಅಲ್ಲಾಡಿಸಲಿಲ್ಲ.

“ಎಂತ ಆಯ್ತು ಸಾರ್?”

“ಬಾಣ ನೀನು ಬಲಗಡೆ ಬರೆಸಿದ್ದೆ ಮಾರಾಯ. ಇಲ್ಲಿ ಎಡಗಡೆ ನಿಂತಿದೆ. ಜಾಗಕ್ಕೆ ಬರಲಿ ಅಂತ ಕಾಯ್ತಾ ಇದೀನಿ.”

ಈ ಮೇಷ್ಟ್ರಿಗೆ ರಿಟೈರ್ ಆಗಲು ಮೂರೇ ತಿಂಗಳು ಉಳಿದಿತ್ತು. ಎರಡು ಕೋಣೆಯ ಶಾಲೆ, ಹತ್ತೊಂಬತ್ತು ಮಕ್ಕಳು. ಹೋಗುವಾಗ ಶಾಲೆಯ ಪ್ರತಿಯೊಂದು ಸಾಮಾನನ್ನೂ ಮುಂದಿನವರಿಗೆ ಪಟ್ಟಿ ಪ್ರಕಾರ ಒಪ್ಪಿಸಿ ಸಹಿ ತಗೊಳ್ಳಬೇಕು. ಸಹಿ ಬೀಳದಿದ್ದರೆ ಪೆನ್ಷನ್ ಕಾಗದ ಮುಂದೆ ಹೋಗುವುದಿಲ್ಲ. ಚಹಾ ಕುಡಿಸಿ, ನನ್ನ ಕೈ ಹಿಡಿದುಕೊಂಡರು.

“ಕೇಳಿದ್ದು ಬರದೇ ಇದ್ದರೂ ಅಡ್ಡಿಯಿಲ್ಲ. ಕೇಳದೇ ಇದ್ದದ್ದು ನನ್ನ ಹೆಸರಲ್ಲಿ ಬರಬಾರದು. ಅಷ್ಟು ನೋಡ್ಕೊ.”

ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಗುಪ್ತ

ಶಾಲೆಗೊಂದು ಪಾಸ್‌ವರ್ಡ್ ಕೊಟ್ಟಿದ್ದೆ. ಮರೆಯಬೇಡಿ, ಯಾರಿಗೂ ಹೇಳಬೇಡಿ ಅಂತ ಎರಡೆರಡು ಸಲ ಹೇಳಿದ್ದೆ. ಶೃಂಗೇರಿ ಕಡೆಯ ಒಂದು ಶಾಲೆಗೆ ಹೋದರೆ, ಗೋಡೆಯ ಮೇಲೆ ದಾಖಲಾತಿ, ಹಾಜರಾತಿ, ಅದರ ಕೆಳಗೆ ನೀಲಿ ಪೇಂಟಿನಲ್ಲಿ ಗೇಣುದ್ದದ ಅಕ್ಷರದ ಪಾಸ್‌ವರ್ಡ್.

“ಮೇಡಂ, ಇದು ಗುಟ್ಟಾಗಿ ಇರಬೇಕಿತ್ತು.”

“ಅದಕ್ಕೇ ಮೇಲೆ ‘ಗುಪ್ತ’ ಅಂತ ಬರೆಸಿದೀನಲ್ಲ, ನೋಡಿ.”

“ಬದಲಾಯಿಸಿಬಿಡೋಣ.”

“ಈ ತಿಂಗಳು ಆಗಲ್ಲ. ಪೇಂಟರ್ ಅಡ್ಡಗದ್ದೆಯವನು, ಮದುವೆ ಮನೆ ಕೆಲಸ ಹಿಡಿದಿದಾನೆ.”

ಮೇಡಂ ಬಗ್ಗೆ ದಾರಿಯುದ್ದಕ್ಕೂ ನಕ್ಕೆ. ಆದರೆ ಬಸ್ಸು ಹತ್ತುವ ಮೊದಲು ಆ ಪಾಸ್‌ವರ್ಡನ್ನು ಕಿಸೆಯ ಪುಸ್ತಕದಲ್ಲಿ ಬರೆದುಕೊಂಡವನೂ ನಾನೇ. ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ತಲೆಹೊರೆ ಇಳಿಸಿದ ಹಾಗೆ ಎಲ್ಲರೂ ಸಂತೋಷದಿಂದ ಕೊಟ್ಟರು. ಕಲಿಸುವುದೆಂದರೆ ಒಂದೊಂದು ಊರಲ್ಲಿ ವಾರಗಟ್ಟಲೆ ನಿಲ್ಲಬೇಕು. ನನ್ನ ಕಾಲು ಅದಕ್ಕೆ ಒಪ್ಪುವುದಲ್ಲ. ಹಾಗಾಗಿ ಅವರು ಫೋನಿನಲ್ಲಿ ಹೇಳುವುದು, ಕೊಪ್ಪದ ಸೈಬರ್ ಸೆಂಟರಿನಲ್ಲಿ ಕೂತು ನಾನು ಒತ್ತುವುದು. ನಮ್ಮಲ್ಲಿ ನೂರಕ್ಕೆ ನೂರು ಹೆಡ್‌ಮಾಸ್ಟರುಗಳೂ ಆನ್‌ಲೈನ್ ಆಗಿದ್ದಾರೆ ಅಂತ ಕಂಪನಿಗೆ ವರದಿ ಕಳಿಸಿದೆ. ಅವರಿಗೆ ಬಹಳ ಖುಷಿಯಾಯಿತು.

ಆ ನೂರಕ್ಕೆ ನೂರೂ ನಾನೊಬ್ಬನೇ.

ಕೆಂಪು ಪೆನ್ನು

ಹಳೆಯ ಕಾಗದದ ಕಾಲದಲ್ಲಿ ಒಬ್ಬ ಗುಮಾಸ್ತರಿದ್ದರಂತೆ. ಯಾವ ಶಾಲೆಯಿಂದ ಏನೇ ಕೇಳಿ ಬರಲಿ, ಕೆಂಪು ಪೆನ್ನಿನಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಸುವುದು ಅವರ ಕ್ರಮ. ಇದು ಗೊತ್ತಿದ್ದರಿಂದ ಹೆಡ್‌ಮಾಸ್ಟರುಗಳೆಲ್ಲ ಬೇಕಾದದ್ದರ ಮೂರರಷ್ಟು ಬರೆಯುತ್ತಿದ್ದರು. ಅವರು ಬರೆಯುತ್ತಾರೆಂದು ಗುಮಾಸ್ತರಿಗೂ ಗೊತ್ತು. ಇಬ್ಬರೂ ಸುಳ್ಳು ಹೇಳಿ, ಪ್ರತಿ ಶಾಲೆಗೂ ಸರಿಯಾಗಿ ಬೇಕಾದಷ್ಟೇ ಹೋಗುತ್ತಿತ್ತು.

ಹೊಸ ಪದ್ಧತಿಯಲ್ಲಿ ಕೆಂಪು ಪೆನ್ನಿಲ್ಲ. ಹತ್ತರ ಒಳಗೆ ಎಷ್ಟು ಕೇಳಿದರೂ ಯಾರೂ ತಡೆಯುವುದಿಲ್ಲ. “ಇನ್ನು ನಿಜ ಬರೆಯಿರಿ, ಯಾರೂ ಕತ್ತರಿಸೋದಿಲ್ಲ” ಅಂತ ತರಬೇತಿಯಲ್ಲಿ ನಾನೇ ಹೇಳುತ್ತಿದ್ದೆ.

ಒಂದು ದಿನ ನಮ್ಮ ಮೇಷ್ಟ್ರು ಫೋನ್ ಮಾಡಿದರು. “ರೆಕಾರ್ಡೆಲ್ಲ ಗೆದ್ದಲು ತಿಂತಾ ಇದೆ ಮಾರಾಯ. ಒಪ್ಪಿಸೋಕೆ ಏನಾದ್ರೂ ಉಳೀಬೇಕಲ್ಲ. ಬೀರು ಹಾಕು, ಮೂರು.”

ಅವರಿಗೆ ಬೇಕಾದದ್ದು ಒಂದೇ ಅಂತ ಆಮೇಲೆ ಗೊತ್ತಾಯಿತು. ಮೂವತ್ತು ವರ್ಷದ ಅಭ್ಯಾಸಕ್ಕೆ ಬಾಯಿಂದ ಮೂರು ಬಂದಿತ್ತು. ಆಗ ನಾನು ಯೋಚಿಸಿದೆ: ಈ ಮನುಷ್ಯ ಸುಳ್ಳು ಹೇಳುವವರಲ್ಲ, ಮೂರು ಅಂದರೆ ಮೂರೇ ಬೇಕು; ಮೇಲೆ ಎಲ್ಲಾದರೂ ಕತ್ತರಿಸಿಯೇ ಕತ್ತರಿಸುತ್ತಾರೆ, ಮೂರು ಸಿಗಬೇಕಾದರೆ ಒಂಬತ್ತು ಹಾಕಬೇಕು. ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ ಅಂತ ಒಂದು ಬನ್ ತಿಂದೆ.

ಯಾರೂ ಕತ್ತರಿಸೋದಿಲ್ಲ ಅಂತ ಮೂರು ತಾಲ್ಲೂಕಿಗೆ ಸಾರಿದವನು ನಾನು. ಆ ಮಾತನ್ನು ನಂಬದೇ ಉಳಿದವನೂ ನಾನೊಬ್ಬನೇ.

ಗೋಣಿಚೀಲದ ಬೀಗದ ಕೈ

ಮೇಷ್ಟ್ರ ರಿಟೈರ್‌ಮೆಂಟಿಗೆ ಇಪ್ಪತ್ತು ದಿನ ಇರುವಾಗ ಲಾರಿ ಬಂತು. ಅವರು ಫೋನಿನಲ್ಲಿ “ಸ್ವಲ್ಪ ಬಂದು ಹೋಗು” ಅಂದು ಇಟ್ಟುಬಿಟ್ಟರು. ಹೋದೆ. ಜಗಲಿಯಲ್ಲಿ ಆರು, ಒಳಗೆ ಎರಡು, ಬಾಗಿಲಿನಲ್ಲಿ ಸಿಕ್ಕಿಕೊಂಡಿದ್ದು ಒಂದು. ಒಂಬತ್ತು ಕಬ್ಬಿಣದ ಬೀರು, ಪೊಲೀಸರ ಸಾಲಿನ ಹಾಗೆ. ಅವುಗಳ ಸಂದಿಯಲ್ಲಿ ಎಲ್ಲಿಂದಲೋ ಮಗ್ಗಿ ಕೇಳುತ್ತಿತ್ತು. ಲೋಡಿನವರು ಎಲ್ಲ ಬೀಗದ ಕೈಗಳನ್ನೂ ಬಿಚ್ಚಿ ಒಂದೇ ಗೋಣಿಚೀಲಕ್ಕೆ ಸುರಿದು ಹೋಗಿದ್ದರು. ಮೇಷ್ಟ್ರೂ ನಾನೂ ಮಧ್ಯಾಹ್ನವಿಡೀ ಒಂದೊಂದೇ ಹಾಕಿ ತಿರುಗಿಸಿದೆವು. ನಾಲ್ಕು ಬಾಗಿಲು ತೆರೆದವು.

ಬಿಸಿಯೂಟದ ಅಕ್ಕ ಸೌಟು ಹಿಡಿದೇ ಬಂದು ನೋಡಿದಳು. “ಮೇಷ್ಟ್ರೇ, ಮಕ್ಕಳನ್ನ ಇದರೊಳಗೆ ಕೂರ್ಸಿದ್ರೆ ಒಂದಕ್ಕೆ ಎರಡೆರಡು ಬರುತ್ತೆ. ಒಬ್ಬ ಮಾತ್ರ ಹೊರಗೆ ಉಳೀತಾನೆ.”

ಲೆಕ್ಕ ಸರಿಯಾಗಿತ್ತು. ನಗುವ ಹಾಗಿರಲಿಲ್ಲ. ಚಾರ್ಜ್ ತಗೊಳ್ಳಲು ಬಂದ ಹೊಸ ಮೇಷ್ಟ್ರು ಗೇಟಿನಲ್ಲೇ ನಿಂತು ಎಣಿಸಿ, “ಇಷ್ಟಕ್ಕೆಲ್ಲ ನಾನು ಸಹಿ ಹಾಕಲ್ಲ” ಅಂತ ತಿರುಗಿ ಹೋದರು. ಅಲ್ಲಿಗೆ ಪೆನ್ಷನ್ ಕಾಗದ ನಿಂತಿತು.

ಹೇಳಿಕೆ

ವಿಚಾರಣೆಗೆ ಸಾಹೇಬರೊಬ್ಬರು ಬಂದರು. ನಾನು ಬಾಗಿಲಿನ ಬೀರುವಿನ ಆಚೆ ನಿಂತಿದ್ದೆ.

“ಹತ್ತೊಂಬತ್ತು ಮಕ್ಕಳಿಗೆ ಒಂಬತ್ತು ಬೀರು ಎಂತಕ್ರೀ?”

ಮೇಷ್ಟ್ರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಒಂದು ರೆಕಾರ್ಡ್ ಇಡೋಕೆ ಸಾರ್. ಮಿಕ್ಕ ಎಂಟು, ಈ ಒಂಬತ್ತರ ಬಗ್ಗೆ ಬರೋ ಕಾಗದ ಇಡೋಕೆ.”

ಸಾಹೇಬರ ಜವಾನನೂ ನಕ್ಕ. “ಆರ್ಡರ್ ಹಾಕಿದ್ದು ಯಾರು?”

“ನಂದೇ ಕೈತಪ್ಪು ಸಾರ್.”

ನಾನು ಬೀರುವಿಗೆ ಇನ್ನಷ್ಟು ಒತ್ತಿಕೊಂಡು ನಿಂತೆ. ಬೀರು ಎಷ್ಟು ಅಗಲವಿತ್ತೆಂದರೆ ಒಬ್ಬ ಮನುಷ್ಯ ಆರಾಮಾಗಿ ಅವಿತುಕೊಳ್ಳಬಹುದಿತ್ತು.

ಎರಡು ದಿನ ಕೊಪ್ಪದ ರೂಮಿನಲ್ಲಿ ಬಿದ್ದುಕೊಂಡೆ. ಹೊರಡುವುದು ನನಗೆ ಹೊಸದಲ್ಲ, ಬಸ್ಸು ಹತ್ತಿದರೆ ಮುಗಿಯಿತು. ಹತ್ತಲು ಬಸ್‌ಸ್ಟ್ಯಾಂಡಿಗೂ ಹೋದೆ, ಹತ್ತದೇ ವಾಪಸು ಬಂದೆ. ಮೂರನೇ ದಿನ ಸಾಹೇಬರ ಕಚೇರಿಗೆ ಹೋಗಿ, ಹಾಕಿದವನು ನಾನು ಅಂದೆ. ಹೇಳಿಕೆ ಬರೆದು ಕೊಡು ಅಂತ ಹಾಳೆ ಕೊಟ್ಟರು: ಹೆಸರು, ವಯಸ್ಸು, ವಿದ್ಯಾರ್ಹತೆ. ಒಂದು ನಿಜ ಬರೆಯಲು ಹೊರಟವನಿಗೆ ಇನ್ನೊಂದು ಸುಳ್ಳು ಬರೆಯಲು ಕೈ ಬರಲಿಲ್ಲ.

ಸಾಹೇಬರು ಓದಿ ಕನ್ನಡಕ ತೆಗೆದರು. “ಏಳನೇ ಕ್ಲಾಸು ಫೇಲಾ?”

“ಇಲ್ಲ ಸಾರ್. ಪರೀಕ್ಷೆಗೇ ಕೂತಿಲ್ಲ.”

“ಅಷ್ಟೂ ಹೆಡ್‌ಮಾಸ್ಟರುಗಳಿಗೆ ಪಾಠ ಮಾಡಿದ್ದು?”

“ನಾನೇ ಸಾರ್.”

ಅವರು ಹಾಳೆಯನ್ನು ಇನ್ನೊಮ್ಮೆ ಓದಿದರು. “ಅಕ್ಷರ ಮಾತ್ರ ಚೆನ್ನಾಗಿದೆ” ಅಂದರು.

ಎಂಟು ಬೀರು ಎಂಟು ಶಾಲೆಗೆ ಹೋದವು. ಹೊಸ ಮೇಷ್ಟ್ರು ಒಂದಕ್ಕೆ ಸಹಿ ಹಾಕಿದರು, ಪೆನ್ಷನ್ ಕಾಗದ ಮುಂದೆ ಹೋಯಿತು. ನನ್ನ ಕೆಲಸವೂ ಹೋಯಿತು. ಅದು ನ್ಯಾಯವೇ.

ರೂಮಿನಲ್ಲಿ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಾಗ ಮೇಷ್ಟ್ರು ಹುಡುಕಿಕೊಂಡು ಬಂದರು. ಮಂಚದ ತುದಿಗೆ ಕೂತರು. ನಾನು ತಲೆ ಎತ್ತದೆ ಲುಂಗಿ ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.

“ಮಾತು ಕೊಟ್ಟು ತಪ್ಪಿದೆ ಸಾರ್. ನೀವು ಮೂರು ಅಂದ್ರಿ, ನಾನು ಮೂರೇ ಬೇಕು ಅಂತ ನಂಬಿದೆ.”

ಮೇಷ್ಟ್ರು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಅವರ ಮುಖವೂ ಕೆಳಗೇ ಇತ್ತು.

“ನನ್ನ ಇಡೀ ಸರ್ವಿಸಿನಲ್ಲಿ ನಾನು ಬರೆದ ಲೆಕ್ಕ ನಂಬಿದವನು ಒಬ್ಬನೂ ಇರಲಿಲ್ಲ ಮಾರಾಯ. ಕೊನೇ ಮೂರು ತಿಂಗಳಲ್ಲಿ ನೀನೊಬ್ಬ ಸಿಕ್ಕಿದೆ. ಆಗಲೇ ನಾನು ಸುಳ್ಳು ಹೇಳಿಬಿಟ್ಟಿದ್ದೆ.”